ಮೊದಲು ಕೈ, ಆಮೇಲೆ ಮುಖ: ಬುದ್ಧನ ಮೂರ್ತಿಗಳನ್ನು ಓದುವ ಬಗೆ

ಬುದ್ಧನ ಮೂರ್ತಿಯ ಮುಂದೆ ನಿಂತಾಗ ನಮ್ಮ ಕಣ್ಣು ಮೊದಲು ಹೋಗುವುದು ಮುಖದ ಕಡೆಗೆ. ಅರೆಮುಚ್ಚಿದ ಕಣ್ಣು, ತುಟಿಯಂಚಿನಲ್ಲಿ ಇದೆಯೋ ಇಲ್ಲವೋ ಅನ್ನುವಂಥ ನಗು. "ಎಷ್ಟು ಶಾಂತವಾಗಿದೆ ಅಲ್ವಾ" ಎಂದು ಹೇಳಿ, ಒಂದು ಫೋಟೋ ತೆಗೆದು ಮುಂದೆ ಹೋಗುತ್ತೇವೆ. ಇವತ್ತು ಒಂದು ಗಂಟೆಯ ಮಟ್ಟಿಗೆ ಆ ಮುಖವನ್ನು ಮರೆತುಬಿಡಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ. ಆ ಶಾಂತಿ ಸಾರನಾಥದಲ್ಲೂ ಇದೆ, ಜಾವಾದಲ್ಲೂ ಇದೆ, ಜಪಾನಿನಲ್ಲೂ ಇದೆ. ಮುಖ ನೋಡಿದರೆ ಇವನು ಬುದ್ಧ ಎಂದು ಗೊತ್ತಾಗುತ್ತದೆ, ಅಷ್ಟೇ. ಅವನು ಎಲ್ಲಿದ್ದಾನೆ, ಎದುರಿಗೆ ಯಾರಿದ್ದಾರೆ, ಈಗ ತಾನೇ ಏನಾಯಿತು, ಇದನ್ನೆಲ್ಲ ಹೇಳುವುದು ಕೈ.

ಕೈಯ ಈ ಭಂಗಿಗಳಿಗೆ ಮುದ್ರೆ ಎನ್ನುತ್ತಾರೆ. ಮುದ್ರೆಗಳ ಬಗ್ಗೆ ಮೊಬೈಲಿನಲ್ಲಿ ಹುಡುಕಿದರೆ ಒಂದು ಪಟ್ಟಿ ಸಿಗುತ್ತದೆ. ಅಭಯ ಅಂದರೆ ಧೈರ್ಯ, ವರದ ಅಂದರೆ ಕರುಣೆ, ಧ್ಯಾನ ಅಂದರೆ ಏಕಾಗ್ರತೆ. ಪಟ್ಟಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅದನ್ನು ಹಿಡಿದುಕೊಂಡು ಮ್ಯೂಸಿಯಂಗೆ ಹೋದರೆ ಅರ್ಧ ದಾರಿಯಲ್ಲೇ ಕೈಕೊಡುತ್ತದೆ. ಶಿಲ್ಪಿಗಳು ಕೆತ್ತಿದ್ದು ಗುಣಗಳನ್ನಲ್ಲ, ಕಥೆಯ ಗಳಿಗೆಗಳನ್ನು. ಒಂದು ಕೈ ಯಾವ ಊರಿನಲ್ಲಿ, ಯಾರ ಎದುರು ಹಾಗೆ ಎದ್ದಿತು ಅನ್ನುವುದು ಗೊತ್ತಾದರೆ ಮಾತ್ರ ಅದು ನಮಗೆ ತೆರೆದುಕೊಳ್ಳುತ್ತದೆ. ಅದಕ್ಕಾಗಿ ಇನ್ನೊಂದು ಕೈಯನ್ನೂ ನೋಡಬೇಕು, ಪೀಠವನ್ನೂ ನೋಡಬೇಕು, ಕಾಲ ಬಳಿ ಇರುವ ಪುಟ್ಟ ಪುಟ್ಟ ಆಕೃತಿಗಳನ್ನೂ ನೋಡಬೇಕು.

ಮೊದಲಿಗೆ ಕೈಯೇ ಇರಲಿಲ್ಲ ಅನ್ನುವಲ್ಲಿಂದ ಶುರುಮಾಡೋಣ. ಸಾಂಚಿ, ಭಾರ್ಹುತ್‌ಗಳ ಹಳೆಯ ಕೆತ್ತನೆಗಳಲ್ಲಿ ಬುದ್ಧನ ಕಥೆ ಇದೆ, ಬುದ್ಧನ ದೇಹ ಇಲ್ಲ. ಮರದ ಕೆಳಗೆ ಖಾಲಿ ಪೀಠ. ಒಂದು ಚಕ್ರ. ಒಂದು ಜೊತೆ ಪಾದದ ಗುರುತು. ಸುತ್ತ ಜನ ಕೈಮುಗಿದು ನಿಂತಿದ್ದಾರೆ, ಮಧ್ಯೆ ಯಾರೂ ಇಲ್ಲ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲೂ ಇಂಥ ಫಲಕಗಳು ಸಿಕ್ಕಿವೆ. ಆ ಸ್ತೂಪದಲ್ಲಿ ಅಶೋಕನ ಚಿತ್ರ ಇದೆ, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂದು ಹೆಸರೂ ಇದೆ ಎಂದು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಅಲ್ಲಿಗೆ ಹೋದಾಗ ಅಶೋಕನ ಫಲಕ ಒಂದನ್ನೇ ಹುಡುಕಬೇಡಿ. ಖಾಲಿ ಪೀಠಗಳನ್ನೂ ನೋಡಿ. ರಾಜನಿಗೆ ಮುಖ ಇದೆ, ಕೈ ಇದೆ, ಹೆಸರೂ ಇದೆ. ಬುದ್ಧನಿಗೆ ಒಂದು ಆಸನ ಮಾತ್ರ.

ಆಮೇಲೆ, ಸುಮಾರು ಕ್ರಿಸ್ತಶಕ 1ನೇ, 2ನೇ ಶತಮಾನದ ಹೊತ್ತಿಗೆ, ಮಥುರಾದಲ್ಲೂ ಗಾಂಧಾರದಲ್ಲೂ ಬುದ್ಧನಿಗೆ ಮನುಷ್ಯ ರೂಪ ಬರುತ್ತದೆ. ಆಗ ಎಲ್ಲಕ್ಕಿಂತ ಜಾಸ್ತಿ ಕೆತ್ತಿದ್ದು ಅಭಯ. ಮಥುರಾದ ಮ್ಯೂಸಿಯಂನಲ್ಲಿ ಕಟ್ರಾ ಎಂಬಲ್ಲಿ ಸಿಕ್ಕ ಒಂದು ಮೂರ್ತಿ ಇದೆ. ಕೆಂಪು ಮರಳುಗಲ್ಲು, ಅದರಲ್ಲಿ ಅಲ್ಲಲ್ಲಿ ಬಿಳಿ ಚುಕ್ಕೆ. ಬುದ್ಧ ಪದ್ಮಾಸನದಲ್ಲಿ ಕೂತಿದ್ದಾನೆ. ಬಲಗೈ ಭುಜದ ಮಟ್ಟಕ್ಕೆ ಎದ್ದಿದೆ, ಅಂಗೈ ನಮ್ಮ ಕಡೆಗೆ. ಈಗ ಎಡಗೈ ನೋಡಿ. ಮೊಣಕೈ ಹೊರಗೆ ಚಾಚಿ, ಮಂಡಿಯ ಮೇಲೆ ಗಟ್ಟಿಯಾಗಿ ಊರಿದೆ. ಇದು ಭಿಕ್ಷುವಿನ ಕೈ ಅನ್ನಿಸುವುದಿಲ್ಲ, ದೊರೆಯ ಕೈ ಅನ್ನಿಸುತ್ತದೆ. ಬಲಗೈ "ಹೆದರಬೇಡ" ಅನ್ನುತ್ತಿದೆ, ಎಡಗೈ "ನಾನಿದ್ದೇನೆ" ಅನ್ನುತ್ತಿದೆ. ಬಲಗೈ ಒಂದನ್ನೇ ನೋಡಿ 'ಅಭಯ' ಎಂದು ಬರೆದುಕೊಂಡು ಬಂದರೆ ಈ ಎರಡನೇ ಮಾತು ತಪ್ಪಿಹೋಗುತ್ತದೆ.

ಇಲ್ಲಿ ಕಲ್ಲಿನ ಕೆಲಸದ ಒಂದು ವಿಷಯ ಹೇಳಲೇಬೇಕು. ದೇಹದಿಂದ ಮುಂದಕ್ಕೆ ಚಾಚಿದ ಕೈ ಕಲ್ಲಿನಲ್ಲಿ ಬಲು ಬೇಗ ಮುರಿಯುತ್ತದೆ. ಮಥುರಾದ ಶಿಲ್ಪಿಗಳು ಅದಕ್ಕೆ ಕೈಯನ್ನು ಭುಜಕ್ಕೆ ಹತ್ತಿರ ತಂದು, ಕೈ ಮತ್ತು ಭುಜದ ನಡುವೆ ಸ್ವಲ್ಪ ಕಲ್ಲನ್ನು ಆಸರೆಗೆ ಹಾಗೇ ಉಳಿಸಿದರು. ಬೆರಳುಗಳ ನಡುವೆಯೂ ಹಲವು ಕಡೆ ತೆಳುವಾದ ಕಲ್ಲಿನ ಪೊರೆ ಉಳಿದಿರುತ್ತದೆ. ಮಹಾಪುರುಷನ 32 ಲಕ್ಷಣಗಳಲ್ಲಿ ಬೆರಳುಗಳ ನಡುವೆ ಬಲೆಯಂಥ ಗೆರೆ ಅಥವಾ ಪೊರೆ ಇರುವುದೂ ಒಂದು. ಶಾಸ್ತ್ರ ನೋಡಿ ಶಿಲ್ಪಿ ಪೊರೆ ಬಿಟ್ಟನೋ, ಬೆರಳು ಮುರಿಯದಿರಲಿ ಎಂದು ಬಿಟ್ಟನೋ? ವಿದ್ವಾಂಸರು ಇದರ ಬಗ್ಗೆ ಬಹಳ ಚರ್ಚೆ ಮಾಡಿದ್ದಾರೆ. ಉಳಿ ಹಿಡಿದವನಿಗೆ ಎರಡೂ ಒಟ್ಟಿಗೆ ಅನುಕೂಲವಾಯಿತು ಅನ್ನುವುದು ನನ್ನ ಅನಿಸಿಕೆ.

ಅಭಯದ ಹಿಂದೆ ಒಂದು ಕಥೆ ಇದೆ. ರಾಜಗೃಹದಲ್ಲಿ ಬುದ್ಧನ ದಾಯಾದಿ, ಅವನ ಮೇಲೆ ಹಗೆ ಸಾಧಿಸುತ್ತಿದ್ದ ದೇವದತ್ತ ನಾಲಾಗಿರಿ ಎಂಬ ಆನೆಗೆ ಮದವೇರಿಸಿ ಬುದ್ಧ ಬರುವ ಬೀದಿಗೆ ಬಿಡುತ್ತಾನೆ. ಅಮರಾವತಿಯಲ್ಲಿ ಸಿಕ್ಕ ಒಂದು ದುಂಡು ಫಲಕದಲ್ಲಿ ಈ ದೃಶ್ಯ ಇದೆ. ಈಗ ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲಿದೆ, ದಯವಿಟ್ಟು ಹೋಗಿ ನೋಡಿ. ಒಂದೇ ಚೌಕಟ್ಟಿನಲ್ಲಿ ಆನೆ ಎರಡು ಸಲ ಬರುತ್ತದೆ. ಒಂದು ಕಡೆ ಬೀದಿಯಲ್ಲಿ ಜನರನ್ನು ತುಳಿಯುತ್ತಾ ನುಗ್ಗುತ್ತಿದೆ. ಮಾಳಿಗೆಯ ಕಿಟಕಿಗಳಿಂದ ಹೆಂಗಸರು ಗಾಬರಿಯಲ್ಲಿ ಬಗ್ಗಿ ನೋಡುತ್ತಿದ್ದಾರೆ. ಇನ್ನೊಂದು ಕಡೆ ಅದೇ ಆನೆ ಬುದ್ಧನ ಮುಂದೆ ಮಂಡಿಯೂರಿದೆ. ಈ ಫಲಕ ನೋಡಿ ಬಂದ ಮೇಲೆ ಎಲ್ಲೇ ಅಭಯ ಹಸ್ತ ಕಂಡರೂ ಎದುರಿಗೆ ಒಂದು ಆನೆ ಇದೆಯೇನೋ ಅನ್ನಿಸಲು ಶುರುವಾಗುತ್ತದೆ.

ಬಿಹಾರದ ಸುಲ್ತಾನ್‌ಗಂಜ್‌ನಲ್ಲಿ 1861ರಲ್ಲಿ ರೈಲ್ವೆ ಕೆಲಸಕ್ಕೆ ನೆಲ ಅಗೆಯುವಾಗ ತಾಮ್ರದ ಒಂದು ಬುದ್ಧ ಸಿಕ್ಕಿತು. ಎತ್ತರ ಸುಮಾರು 2.3 ಮೀಟರ್, ತೂಕ 500 ಕಿಲೋಗಿಂತ ಜಾಸ್ತಿ. ಈಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಮ್ಯೂಸಿಯಂನಲ್ಲಿದೆ. ಲೋಹಕ್ಕೆ ಕಲ್ಲಿನ ಭಯ ಇಲ್ಲ. ಹಾಗಾಗಿ ಅಲ್ಲಿ ಬಲಗೈ ಧಾರಾಳವಾಗಿ ಮುಂದೆ ಬಂದಿದೆ, ಬೆರಳುಗಳು ಸ್ವಲ್ಪ ಬಾಗಿವೆ. ಎಡಗೈ ಕೆಳಗೆ ಇಳಿದು ಚೀವರದ, ಅಂದರೆ ಭಿಕ್ಷು ಹೊದೆಯುವ ಬಟ್ಟೆಯ, ಅಂಚನ್ನು ಹಗುರವಾಗಿ ಹಿಡಿದಿದೆ. ಮಥುರಾದ ಆ ದೊರೆಯ ಠೀವಿ ಇಲ್ಲಿ ಇಲ್ಲ. ಅದೇ ಅಭಯ, ಆದರೆ ಹೇಳುವ ದನಿ ಬೇರೆ. ಶ್ರೀಲಂಕಾದ ಅವುಕನದಲ್ಲಿ ಬಂಡೆಯಲ್ಲಿ ಕಡೆದ ದೊಡ್ಡ ಬುದ್ಧನಲ್ಲಿ ಅಂಗೈ ನಮ್ಮ ಕಡೆ ತಿರುಗಿಲ್ಲ, ಪಕ್ಕಕ್ಕೆ ತಿರುಗಿದೆ. ಎದುರು ನಿಂತವರಿಗೆ ಕೈಯ ಅಂಚು ಮಾತ್ರ ಕಾಣುತ್ತದೆ. ಅವರು ಅದನ್ನು ಆಸೀಸ ಮುದ್ರೆ ಎನ್ನುತ್ತಾರೆ, ಆಶೀರ್ವಾದದ ಕೈ.

ವರದದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮಗೆ ಗೊತ್ತಿರುವುದೇ. ಮನೆಯ ಲಕ್ಷ್ಮೀ ಪಟದಲ್ಲಿ ನಾಣ್ಯ ಸುರಿಯುತ್ತಿರುವ ಕೈ ಇದೆಯಲ್ಲ, ಅದೇ. ಕೈ ಕೆಳಗೆ, ಅಂಗೈ ಹೊರಗೆ. ಕೊಡುವ ಕೈ. ಆದರೆ ಕೂತ ಬುದ್ಧನಲ್ಲಿ ಈ ವರದಕ್ಕೂ ಇನ್ನೊಂದು ಮುದ್ರೆಗೂ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಈಗಲೇ ಮಾಡಿ ನೋಡೋಣ. ಕೂತಲ್ಲೇ ಬಲಗೈಯನ್ನು ಬಲ ಮಂಡಿಯ ಮೇಲೆ ಇಡಿ. ಅಂಗೈ ಮೇಲಾಗಿ ತಿರುಗಿಸಿ, ಯಾರಿಗೋ ಏನೋ ಕೊಡುತ್ತಿರುವ ಹಾಗೆ. ಇದು ವರದ. ಈಗ ಅಂಗೈ ಒಳಗೆ ಮಗುಚಿ, ಬೆರಳುಗಳನ್ನು ಮಂಡಿಯ ಆಚೆ ನೆಲದ ಕಡೆಗೆ ಇಳಿಬಿಡಿ. ಇದು ಭೂಮಿಸ್ಪರ್ಶ. ಮಣಿಕಟ್ಟು ಒಂದು ಸುತ್ತು ತಿರುಗಿತು, ಅಷ್ಟೇ. ಕಥೆ ಪೂರ್ತಿ ಬೇರೆ ಆಯಿತು.

ಭೂಮಿಸ್ಪರ್ಶದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ನನಗೆ ಎಲ್ಲ ಮುದ್ರೆಗಳಲ್ಲಿ ಇದೇ ದೊಡ್ಡದು ಅನ್ನಿಸುತ್ತದೆ. ಬೋಧಗಯೆ. ಅರಳಿ ಮರದ ಕೆಳಗೆ ಸಿದ್ಧಾರ್ಥ ಕೂತಿದ್ದಾನೆ. ಅವನು ಇನ್ನೂ ಬುದ್ಧ ಆಗಿಲ್ಲ. ಅವನ ಜ್ಞಾನೋದಯ ತಡೆಯಲು ಆಸೆ, ಭಯ ಒಡ್ಡುವ ಮಾರ ಬಂದಿದ್ದಾನೆ, ಸೈನ್ಯದ ಸಮೇತ. ಹೆದರಿಸಿ ನೋಡುತ್ತಾನೆ, ಆಗುವುದಿಲ್ಲ. ಕೊನೆಗೆ ಒಂದು ವಾದ ಹೂಡುತ್ತಾನೆ: ಈ ಆಸನ ನನ್ನದು, ಇದಕ್ಕೆ ನನ್ನ ಸೈನ್ಯವೆಲ್ಲ ಸಾಕ್ಷಿ. ನಿನಗೆ ಯಾರು ಸಾಕ್ಷಿ? ಸಿದ್ಧಾರ್ಥನ ಪಕ್ಕದಲ್ಲಿ ಯಾರೂ ಇಲ್ಲ. ಅವನು ಬಲಗೈ ಇಳಿಸಿ ನೆಲ ಮುಟ್ಟುತ್ತಾನೆ. ತಾನು ಹಿಂದಿನ ಜನ್ಮಗಳಲ್ಲಿ ಮಾಡಿದ ದಾನಗಳನ್ನು ಕಂಡಿದ್ದು ಈ ನೆಲ, ಇದೇ ಸಾಕ್ಷಿ. ಭೂಮಿ ಗುಡುಗುತ್ತದೆ, ಮಾರನ ಸೈನ್ಯ ಚೆದುರಿಹೋಗುತ್ತದೆ.

ಈಗ ಎಡಗೈ ನೋಡಿ. ಅದು ಮಡಿಲಲ್ಲೇ ಇದೆ, ಅಂಗೈ ಮೇಲಾಗಿ. ಕದಲಿಲ್ಲ. ಅಂದರೆ ಧ್ಯಾನ ಮುರಿದಿಲ್ಲ. ಎದುರಿಗೆ ಅಷ್ಟು ದೊಡ್ಡ ಗದ್ದಲ ನಡೆಯುತ್ತಿದೆ, ಒಂದು ಕೈ ಮಾತ್ರ ಎದ್ದು ಹೋಗಿ ಉತ್ತರ ಕೊಟ್ಟಿದೆ, ಇನ್ನೊಂದು ಕೈ ತನ್ನ ಕೆಲಸದಲ್ಲೇ ಇದೆ. ಶಿಲ್ಪಿ ಇಷ್ಟನ್ನೂ ಎರಡು ಕೈಗಳಲ್ಲಿ ಹೇಳಿದ್ದಾನೆ.

ಅಜಂತಾಗೆ ಹೋದವರು 26ನೇ ಗುಹೆಯನ್ನು ಬಿಡಬೇಡಿ. ಆ ಹೊತ್ತಿಗೆ ಕಾಲು ಸೋತಿರುತ್ತದೆ, ಹಲವರು ವಾಪಸ್ ಹೊರಟುಬಿಡುತ್ತಾರೆ. ಅಲ್ಲಿಯ ಗೋಡೆಯಲ್ಲಿ ಈ ಮಾರನ ದೃಶ್ಯವನ್ನು ದೊಡ್ಡದಾಗಿ ಕೆತ್ತಿದ್ದಾರೆ. ಮೇಲೆ ಆನೆಯ ಮೇಲೆ ಬಂದ ಮಾರ, ವಿಕಾರ ಮುಖದ ಸೈನಿಕರು. ಕೆಳಗೆ ಮಾರನ ಹೆಣ್ಣುಮಕ್ಕಳು ಕುಣಿಯುತ್ತಿದ್ದಾರೆ, ವಾದ್ಯದವರಿದ್ದಾರೆ. ಇಡೀ ಗೋಡೆ ಗಿಜಿಗುಡುತ್ತಿದೆ. ಮಧ್ಯೆ ಬುದ್ಧ, ನೆಲಕ್ಕೆ ಇಳಿದ ಬಲಗೈ. ಅದೇ ಗುಹೆಯಲ್ಲಿ ಸುಮಾರು 7 ಮೀಟರ್ ಉದ್ದದ ಮಹಾಪರಿನಿರ್ವಾಣದ, ಅಂದರೆ ಕೊನೆಯ ಗಳಿಗೆಯ, ಬುದ್ಧನೂ ಮಲಗಿದ್ದಾನೆ, ಬಲಗೈಯ ಮೇಲೆ ತಲೆಯಿಟ್ಟು. ಎರಡನ್ನೂ ಒಂದೇ ಸಲ ನೋಡಿದಾಗ ಬಲಗೈಯ ಎರಡು ಗಳಿಗೆಗಳು ನಿಮಗೆ ಸಿಗುತ್ತವೆ.

ಬೋಧಗಯೆಯ ಮೂರ್ತಿಯ ಬಗ್ಗೆ 7ನೇ ಶತಮಾನದಲ್ಲಿ ಬಂದ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಒಂದು ಐತಿಹ್ಯ ಬರೆದಿಟ್ಟಿದ್ದಾನೆ. ಮೂರ್ತಿ ಮಾಡಲು ಯಾರೂ ಸಿಗಲಿಲ್ಲವಂತೆ. ಕೊನೆಗೆ ಒಬ್ಬ ಬ್ರಾಹ್ಮಣ ಬಂದು, ಸುವಾಸನೆಯ ಮಣ್ಣು ಮತ್ತು ಒಂದು ದೀಪ ಕೊಡಿ, ಬಾಗಿಲು ಹಾಕಿಕೊಳ್ಳುತ್ತೇನೆ, ಆರು ತಿಂಗಳು ತೆರೆಯಬೇಡಿ ಅಂದನಂತೆ. ಭಿಕ್ಷುಗಳಿಗೆ ತಡೆಯಲಾಗಲಿಲ್ಲ. ನಾಲ್ಕು ದಿನ ಬಾಕಿ ಇರುವಾಗ ಬಾಗಿಲು ತೆರೆದರು. ಒಳಗೆ ಯಾರೂ ಇಲ್ಲ. ಮೂರ್ತಿ ಸಿದ್ಧವಾಗಿದೆ, ಎದೆಯ ಬಳಿ ಒಂದು ಸಣ್ಣ ಜಾಗ ಮಾತ್ರ ಮುಗಿದಿಲ್ಲ. ಪೂರ್ವಕ್ಕೆ ಮುಖ, ಎಡಗೈ ಮಡಿಲಲ್ಲಿ, ಬಲಗೈ ಕೆಳಗೆ ಇಳಿಬಿಟ್ಟಿತ್ತು. ಕೆಲಸ ಮಾಡಿದವನು ಮುಂದೆ ಬುದ್ಧನಾಗಲಿರುವ ಮೈತ್ರೇಯ ಬೋಧಿಸತ್ವ ಎಂದು ಅವರು ನಂಬಿದರು. ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸುವುದು ಇದು: ಇಷ್ಟೆಲ್ಲ ಪವಾಡ ಹೇಳುವಾಗಲೂ ಹ್ಯೂಯೆನ್‌ತ್ಸಾಂಗ್ ಎರಡು ಕೈ ಎಲ್ಲಿದ್ದವು ಎಂದು ಬರೆಯುವುದನ್ನು ಮರೆಯಲಿಲ್ಲ.

ಇದೇ ಕಥೆ ಥಾಯ್ಲೆಂಡ್, ಕಾಂಬೋಡಿಯಾ, ಲಾವೋಸ್ ಕಡೆ ಹೋದಾಗ ಇನ್ನಷ್ಟು ಬೆಳೆಯಿತು. ಅಲ್ಲಿ ಭೂದೇವಿ ಸುಮ್ನೆ ಸಾಕ್ಷಿ ಹೇಳಿ ಹೋಗುವುದಿಲ್ಲ. ಬುದ್ಧ ಹಿಂದಿನ ಜನ್ಮಗಳಲ್ಲಿ ದಾನ ಕೊಡುವಾಗ ಪ್ರತಿ ಸಲ ನೀರು ಬಿಟ್ಟಿದ್ದನಲ್ಲ, ಆ ನೀರೆಲ್ಲ ಅವಳ ಕೂದಲಲ್ಲಿ ನಿಂತಿದೆ. ಅವಳು ಎದ್ದು ಜಡೆ ಹಿಂಡುತ್ತಾಳೆ. ನೀರು ಪ್ರವಾಹವಾಗಿ ಬಂದು ಮಾರನ ಸೈನ್ಯವನ್ನು ಕೊಚ್ಚಿಕೊಂಡು ಹೋಗುತ್ತದೆ. ಧಾರೆ ಎರೆದು ದಾನ ಕೊಡುವ ಪದ್ಧತಿ ನಮ್ಮಲ್ಲೂ ಇದೆ, ಮದುವೆಯಲ್ಲಿ ನೋಡಿದ್ದೀರಿ. ಹಾಗಾಗಿ ಈ ಕಥೆ ಕೇಳಿದಾಗ ನಮಗೆ ಅರ್ಥ ಹೇಳಿಸಿಕೊಳ್ಳಬೇಕಾಗಿಲ್ಲ. ಬ್ಯಾಂಕಾಕ್‌ನ ಸನಾಮ್ ಲುವಾಂಗ್ ಮೈದಾನದ ಹತ್ತಿರ ಜಡೆ ಹಿಂಡುವ ಭೂದೇವಿಯ ಮೂರ್ತಿ ಇದೆ, ಜಡೆಯಿಂದ ನಿಜವಾಗಲೂ ನೀರು ಬರುವಂತೆ ಮಾಡಿದ್ದಾರೆ. ಥಾಯ್ ಜನ ಭೂಮಿಸ್ಪರ್ಶವನ್ನು ಕರೆಯುವುದೂ 'ಮಾರವಿಜಯ' ಎಂದು. ನಾವು ಮುಟ್ಟುವ ಬೆರಳಿನಿಂದ ಹೆಸರಿಟ್ಟೆವು, ಅವರು ಸೋತವನಿಂದ ಹೆಸರಿಟ್ಟರು.

ಈಗ ಸಾರನಾಥಕ್ಕೆ ಬರೋಣ. 1904-05ರ ಉತ್ಖನನದಲ್ಲಿ ಸಿಕ್ಕ 5ನೇ ಶತಮಾನದ ಬುದ್ಧ, ಚುನಾರ್ ಮರಳುಗಲ್ಲು, ಸುಮಾರು 1.6 ಮೀಟರ್ ಎತ್ತರ. ಶಾಲೆಯ ಪುಸ್ತಕದಲ್ಲಿ ಎಲ್ಲರೂ ನೋಡಿದ ಮೂರ್ತಿ. ಎರಡು ಕೈಯೂ ಎದೆಯ ಮುಂದೆ ಬಂದಿವೆ. ಬಲಗೈಯ ಹೆಬ್ಬೆರಳು ತೋರುಬೆರಳು ಸೇರಿ ಒಂದು ಸುತ್ತು ಆಗಿದೆ, ಅಂಗೈ ಹೊರಗೆ. ಎಡಗೈಯ ಅಂಗೈ ಎದೆಯ ಕಡೆಗೆ, ಅದರ ಬೆರಳು ಬಲಗೈಯ ಸುತ್ತಿಗೆ ತಾಗುವಂತಿದೆ. ಧರ್ಮಚಕ್ರ ಪ್ರವರ್ತನ ಮುದ್ರೆ. ಚಕ್ರ ತಿರುಗಿಸುವುದು ಎಂದು ಅರ್ಥ ಹೇಳುತ್ತಾರೆ. ನನಗೆ ಮಾತ್ರ ಮೇಷ್ಟ್ರು ಒಂದೊಂದೇ ಬೆರಳು ಮುಟ್ಟಿಕೊಂಡು "ಮೊದಲನೆಯದು ಇದು, ಎರಡನೆಯದು ಇದು" ಎಂದು ಪಾಠ ಹೇಳುವ ಹಾಗೆ ಕಾಣುತ್ತದೆ. ಅವತ್ತು ಹೇಳಿದ್ದೂ ಎಣಿಸಿ ಹೇಳುವ ಪಾಠವೇ ಅಲ್ವಾ? ನಾಲ್ಕು ಆರ್ಯಸತ್ಯ, ಎಂಟು ಅಂಗದ ಮಾರ್ಗ.

ಪೀಠದ ಕಡೆ ಬಗ್ಗಿ ನೋಡಿ. ನಡುವೆ ಒಂದು ಚಕ್ರ, ಎರಡು ಕಡೆ ಜಿಂಕೆ. ಅದು ಜಿಂಕೆವನ, ಅಂದರೆ ಸಾರನಾಥ. ಪಕ್ಕದಲ್ಲಿ ಐದು ಜನ ಭಿಕ್ಷುಗಳು ಕೂತಿದ್ದಾರೆ. ಅವರು ಹಿಂದೆ ಸಿದ್ಧಾರ್ಥನನ್ನು ಬಿಟ್ಟು ಹೋಗಿದ್ದ ಆ ಐವರು, ಮೊದಲ ಶಿಷ್ಯರು. ಅವರ ಜೊತೆ ಒಬ್ಬ ಹೆಂಗಸು, ಒಂದು ಮಗು ಕೂಡ ಇದ್ದಾರೆ. ಅವರು ಕಥೆಯವರಲ್ಲ. ಮೂರ್ತಿಯನ್ನು ಮಾಡಿಸಿಕೊಟ್ಟ ದಾನಿ ಇರಬೇಕು ಎಂದು ತಜ್ಞರು ಊಹಿಸುತ್ತಾರೆ. ಸಾವಿರದೈನೂರು ವರ್ಷದಿಂದ ಆ ತಾಯಿ, ಮಗು ಮೊದಲ ಪಾಠದಲ್ಲಿ ಕೂತಿದ್ದಾರೆ. ಪುಸ್ತಕದಲ್ಲಿ ಅಚ್ಚಾಗುವ ಫೋಟೋಗಳಲ್ಲಿ ಎಷ್ಟೋ ಸಲ ಪೀಠವನ್ನು ಕತ್ತರಿಸಿರುತ್ತಾರೆ. ಅದು ನನಗೆ ತುಂಬ ಬೇಸರದ ವಿಷಯ.

ಪೀಠ ಯಾಕೆ ಮುಖ್ಯ ಅಂತೀರಾ? ಬಿಹಾರ, ಬಂಗಾಳದ ಕಡೆ ಪಾಲ ರಾಜರ ಕಾಲದಲ್ಲಿ ಬುದ್ಧನ ಬಾಳಿನ ಎಂಟು ಮುಖ್ಯ ಘಟನೆಗಳನ್ನು ಒಂದೇ ಕಲ್ಲಿನಲ್ಲಿ ಕೆತ್ತುವ ಪದ್ಧತಿ ಇತ್ತು. ನಡುವೆ ದೊಡ್ಡದಾಗಿ ಭೂಮಿಸ್ಪರ್ಶದ ಬುದ್ಧ. ಸುತ್ತ ಉಳಿದ ಏಳು ಘಟನೆ, ಎಲ್ಲ ಗೇಣುದ್ದದ ಬುದ್ಧರು. ಅಷ್ಟು ಚಿಕ್ಕ ಜಾಗದಲ್ಲಿ ಮುಖ ನೋಡಿ ಏನೂ ತಿಳಿಯುವುದಿಲ್ಲ. ಕೈ ನೋಡಬೇಕು. ನಿಂತ ಬುದ್ಧ, ಕಾಲ ಬಳಿ ಪುಟ್ಟ ಆನೆ: ರಾಜಗೃಹ. ಮಡಿಲಲ್ಲಿ ಪಾತ್ರೆ, ಪಕ್ಕದಲ್ಲಿ ಕೋತಿ: ವೈಶಾಲಿ, ಕೋತಿ ಜೇನು ತಂದುಕೊಟ್ಟ ಕಥೆ. ಕೈ ಕೆಳಗೆ ಇಳಿಸಿ ನಿಂತಿದ್ದಾನೆ, ಪಕ್ಕದಲ್ಲಿ ಯಾರೋ ಕೊಡೆ ಹಿಡಿದಿದ್ದಾರೆ: ಸಂಕಾಶ್ಯ, ದೇವಲೋಕದಲ್ಲಿ ತಾಯಿಗೆ ಧರ್ಮ ಹೇಳಿ ಕೆಳಗೆ ಇಳಿದು ಬಂದದ್ದು. ಎಲ್ಲಕ್ಕಿಂತ ಮೇಲೆ ಮಲಗಿದ ಬುದ್ಧ: ಕುಶಿನಗರ.

ಆದರೆ ಇಬ್ಬರು ಬುದ್ಧರ ಕೈ ಒಂದೇ ಥರ ಇರುತ್ತದೆ. ಇಬ್ಬರದೂ ಧರ್ಮಚಕ್ರ. ಒಬ್ಬ ಸಾರನಾಥದಲ್ಲಿ ಮೊದಲ ಪಾಠ ಹೇಳುತ್ತಿದ್ದಾನೆ. ಇನ್ನೊಬ್ಬ ಶ್ರಾವಸ್ತಿಯಲ್ಲಿದ್ದಾನೆ, ಬೇರೆ ಪಂಥದ ಗುರುಗಳ ಎದುರು ತನ್ನನ್ನೇ ಹಲವು ಬುದ್ಧರಾಗಿ ತೋರಿಸಿದ ಪವಾಡ ಅದು. ಪಟ್ಟಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಳಗೆ ಚಕ್ರ, ಜಿಂಕೆ ಇದ್ದರೆ ಸಾರನಾಥ. ಅಕ್ಕಪಕ್ಕ ಇನ್ನೂ ಪುಟ್ಟ ಬುದ್ಧರು ಮೂಡಿದ್ದರೆ ಶ್ರಾವಸ್ತಿ. ಕೈ ಅರ್ಧ ಹೇಳುತ್ತದೆ, ಉಳಿದರ್ಧ ಕಾಲ ಬಳಿ ಇರುತ್ತದೆ.

ಧ್ಯಾನ ಮುದ್ರೆ ಎಲ್ಲಕ್ಕಿಂತ ಸರಳ. ಎರಡು ಕೈಯೂ ಮಡಿಲಲ್ಲಿ, ಒಂದರ ಮೇಲೊಂದು. ಆದರೆ ಕರ್ನಾಟಕದಲ್ಲಿ ಇದೇ ಹೆಚ್ಚು ತೊಂದರೆ ಕೊಡುವ ಮುದ್ರೆ. ಹೊಲದಲ್ಲಿ, ಕೆರೆಯಲ್ಲಿ ಕೂತ ಮೂರ್ತಿ ಒಂದು ಸಿಕ್ಕಿದರೆ ಅದು ಬುದ್ಧನೋ ಜಿನನೋ, ಅಂದರೆ ಜೈನ ತೀರ್ಥಂಕರನೋ, ಎಂದು ಕೇಳುತ್ತಾರೆ. ಜಿನಬಿಂಬಗಳಲ್ಲಿ ಎರಡೇ ನಿಲುವು. ಕೂತಿದ್ದರೆ ಕೈ ಮಡಿಲಲ್ಲಿ, ನಿಂತಿದ್ದರೆ ಎರಡೂ ಕೈ ಪಕ್ಕದಲ್ಲಿ ಇಳಿಬಿಟ್ಟಿರುತ್ತವೆ, ಶ್ರವಣಬೆಳಗೊಳದ ಗೊಮ್ಮಟನಂತೆ. ಜಿನನ ಕೈ ಯಾರಿಗೂ ಅಭಯ ಕೊಡಲು ಏಳುವುದಿಲ್ಲ, ನೆಲ ಮುಟ್ಟಲು ಇಳಿಯುವುದಿಲ್ಲ. ಹಾಗಾಗಿ ಬಲಗೈ ಮಡಿಲು ಬಿಟ್ಟು ಹೊರಟಿದ್ದರೆ ಅದು ಜಿನಬಿಂಬ ಅಲ್ಲ. ಎರಡೂ ಕೈ ಮಡಿಲಲ್ಲೇ ಇದ್ದರೆ ಬೇರೆ ಗುರುತು ಹುಡುಕಬೇಕು. ತಲೆಯ ಮೇಲೆ ಮುಕ್ಕೊಡೆ, ಅಂದರೆ ಒಂದರ ಮೇಲೊಂದು ಮೂರು ಕೊಡೆ, ಇದ್ದರೆ ಜಿನ; ಎಡ ಭುಜದ ಮೇಲೆ ಚೀವರದ ಗೆರೆ ಇದ್ದರೆ ಬುದ್ಧ. ನಮ್ಮ ನಾಡಿನಲ್ಲಿ ಹೆಚ್ಚಿನ ಸಲ ಮುಕ್ಕೊಡೆಯೇ ಸಿಗುತ್ತದೆ.

ಜಪಾನಿನಲ್ಲಿ ಧ್ಯಾನದ ಕೈ ಇನ್ನೊಂದು ಬಗೆ. ಕಾಮಕುರಾದ ದೊಡ್ಡ ಕಂಚಿನ ಬುದ್ಧ, 1252ರಲ್ಲಿ ಕೆಲಸ ಶುರುವಾದದ್ದು, ಶಾಕ್ಯಮುನಿ ಅಲ್ಲ, ಅಂದರೆ ನಾವು ಇಷ್ಟು ಹೊತ್ತು ಹೇಳಿದ ಗೌತಮ ಬುದ್ಧ ಅಲ್ಲ, ಅಮಿತಾಭ ಎಂಬ ಬೇರೆ ಬುದ್ಧ. ಅಲ್ಲಿ ಅಮಿದಾ ಎನ್ನುತ್ತಾರೆ. ಮಡಿಲಲ್ಲಿ ಕೈಗಳು ಸೇರಿವೆ, ಆದರೆ ಎರಡು ತೋರುಬೆರಳುಗಳೂ ಮೇಲಕ್ಕೆ ಮಡಿಚಿ ಹೆಬ್ಬೆರಳಿಗೆ ತಾಗಿವೆ. ಅಷ್ಟು ಸಣ್ಣ ಬದಲಾವಣೆ ಸಾಕು, ಇದು ಅಮಿದಾ ಎಂದು ಅಲ್ಲಿಯ ಜನ ಗುರುತಿಸುತ್ತಾರೆ. ಅಮಿದಾ ಸಾಯುವವರನ್ನು ತನ್ನ ಪಶ್ಚಿಮದ ಸುಖಾವತಿಗೆ ಕರೆದುಕೊಂಡು ಹೋಗಲು ಬರುತ್ತಾನೆ ಎಂಬ ನಂಬಿಕೆ. ಅದಕ್ಕೇ ಬೇರೆ ಮುದ್ರೆ ಇದೆ: ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಎರಡರಲ್ಲೂ ಬೆರಳು ಸುತ್ತು ಕೂಡಿರುತ್ತದೆ. ಕ್ಯೋಟೋದ ಕೊಂಕಾಯ್‌ಕೋಮ್ಯೋಜಿ ದೇವಾಲಯದಲ್ಲಿ ಬೆಟ್ಟದ ಹಿಂದಿನಿಂದ ಅಮಿದಾ ಎದ್ದು ಬರುವ 13ನೇ ಶತಮಾನದ ಒಂದು ಚಿತ್ರ ಇದೆ. ಅದರಲ್ಲಿ ಅಮಿದಾನ ಕೈಗಳ ಬಳಿ ಐದು ಬಣ್ಣದ ದಾರದ ತುಂಡುಗಳು ಇನ್ನೂ ಉಳಿದಿವೆ. ಚಿತ್ರದ ಕೈಗೆ ಕಟ್ಟಿದ ದಾರದ ಇನ್ನೊಂದು ತುದಿಯನ್ನು ಕೊನೆಯುಸಿರಿನಲ್ಲಿ ಇರುವವರ ಕೈಗೆ ಕೊಡುತ್ತಿದ್ದರು. ಮುದ್ರೆಯನ್ನು ಗ್ಯಾಲರಿಯ ಗಾಜಿನ ಹಿಂದೆ ನೋಡಿ ಅಭ್ಯಾಸವಾದ ನಮಗೆ ಇದನ್ನು ತಿಳಿದಾಗ ಮೈ ಜುಮ್ಮೆನ್ನುತ್ತದೆ. ಆ ಕೈಯನ್ನು ಅವರು ಹಿಡಿದುಕೊಂಡೇ ಹೋಗುತ್ತಿದ್ದರು.

ಬೌದ್ಧ ಧರ್ಮದಲ್ಲಿ ಮಹಾಯಾನ, ವಜ್ರಯಾನ ಎಂಬ ಪಂಥಗಳು ಬೆಳೆದ ಹಾಗೆ ಮುದ್ರೆಗಳಿಗೆ ಇನ್ನೊಂದು ಕೆಲಸ ಬಂತು. ಇಲ್ಲಿ ಕಥೆಯ ಗಳಿಗೆಗಳೇ ಬೇರೆ ಬೇರೆ ಬುದ್ಧರಾದವು. ಐವರು ತಥಾಗತರು, ಅಂದರೆ ಬುದ್ಧರು; ನಾಲ್ಕು ದಿಕ್ಕು ಮತ್ತು ನಡು ಸೇರಿ ಐದು ಜಾಗ. ಪೂರ್ವಕ್ಕೆ ಅಕ್ಷೋಭ್ಯ, ಭೂಮಿಸ್ಪರ್ಶ. ದಕ್ಷಿಣಕ್ಕೆ ರತ್ನಸಂಭವ, ವರದ. ಪಶ್ಚಿಮಕ್ಕೆ ಅಮಿತಾಭ, ಧ್ಯಾನ. ಉತ್ತರಕ್ಕೆ ಅಮೋಘಸಿದ್ಧಿ, ಅಭಯ. ನಡುವೆ ವೈರೋಚನ, ಸಾಮಾನ್ಯವಾಗಿ ಧರ್ಮಚಕ್ರ. ಕಾಠ್ಮಂಡುವಿನ ಹಳೆಯ ಅಂಗಳಗಳಲ್ಲಿ ಪುಟ್ಟ ಕಲ್ಲಿನ ಚೈತ್ಯಗಳು ತುಂಬ ಇವೆ, ನಾಲ್ಕು ಮುಖದಲ್ಲಿ ನಾಲ್ವರು ಬುದ್ಧರು. ಅಲ್ಲಿ ನಿಮಗೆ ದಿಕ್ಕು ತಪ್ಪಿದರೆ ನೆಲ ಮುಟ್ಟಿದ ಕೈ ಹುಡುಕಿ, ಅದು ಪೂರ್ವ.

ಇದನ್ನೇ ಒಂದು ಬೆಟ್ಟದಷ್ಟು ದೊಡ್ಡದಾಗಿ ಮಾಡಿದ್ದು ಜಾವಾದ ಬೊರೊಬುದುರ್‌ನಲ್ಲಿ. ಸುಮಾರು 800ರ ಆಸುಪಾಸು ಶೈಲೇಂದ್ರ ರಾಜರ ಕಾಲದ್ದು. ಒಟ್ಟು 504 ಬುದ್ಧರು. ಕೆಳಗಿನ ನಾಲ್ಕು ಸಾಲುಗಳಲ್ಲಿ ಪ್ರತಿ ದಿಕ್ಕಿಗೆ 92 ಮೂರ್ತಿ, ನಾಲ್ಕು ದಿಕ್ಕಿಗೆ ನಾಲ್ಕು ಮುದ್ರೆ, ನಾನು ಈಗ ಹೇಳಿದ ಕ್ರಮದಲ್ಲೇ. ಪೂರ್ವದ ಬದಿಯಿಂದ ದಕ್ಷಿಣಕ್ಕೆ ತಿರುಗಿದರೆ ಮಗುಚಿದ ಅಂಗೈ ಮೇಲಾಗುತ್ತದೆ, ನೀವು ಆಗಲೇ ಮಂಡಿಯ ಮೇಲೆ ಮಾಡಿದ ಹಾಗೆ. ಐದನೇ ಸಾಲಿಗೆ ಹತ್ತಿದರೆ ದಿಕ್ಕಿನ ಭೇದ ನಿಂತುಹೋಗುತ್ತದೆ. ಅಲ್ಲಿ 64 ಬುದ್ಧರು, ಎಲ್ಲ ಕಡೆಯೂ ವಿತರ್ಕ, ಬಲಗೈ ಎತ್ತಿ ಬೆರಳು ಸುತ್ತು ಸೇರಿಸಿ ವಿಷಯ ಬಿಡಿಸಿ ಹೇಳುವ ಕೈ. ಇನ್ನೂ ಮೇಲೆ ದುಂಡು ಜಗಲಿಗಳ ಮೇಲೆ 72 ಜಾಲರಿ ಸ್ತೂಪಗಳು, ಒಳಗೆ ಧರ್ಮಚಕ್ರದ ಬುದ್ಧರು. ಕಿಂಡಿಯಲ್ಲಿ ಇಣುಕಿ ನೋಡಬೇಕು. ಹತ್ತುತ್ತಾ ಹೋದ ಹಾಗೆ ಕೈಗಳು ಬದಲಾಗುತ್ತವೆ. ಅವರು ಈ ಕಟ್ಟಡದ ದಾರಿಯನ್ನೇ ಕೈಗಳಲ್ಲಿ ಬರೆದಿಟ್ಟರು ಅನ್ನಿಸುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ನೋವಿನ ವಿಷಯವನ್ನೂ ಹೇಳಬೇಕು. ಹಳೆಯ ಮೂರ್ತಿಗಳಲ್ಲಿ ಮೊದಲು ಹೋಗುವುದೇ ಕೈ. ಗಾಂಧಾರದ ನಿಂತ ಬುದ್ಧರಲ್ಲಿ ಬಲ ಮುಂಗೈಯನ್ನು ಎಷ್ಟೋ ಸಲ ಬೇರೆ ಕಲ್ಲಿನಲ್ಲಿ ಮಾಡಿ ಕೂರಿಸುತ್ತಿದ್ದರು. ಮ್ಯೂಸಿಯಂಗಳಲ್ಲಿ ಈಗ ಆ ಜಾಗದಲ್ಲಿ ಒಂದು ತೂತು ಮಾತ್ರ ಕಾಣುತ್ತದೆ. ಅಫ್ಘಾನಿಸ್ತಾನದ ಬಾಮಿಯಾನ್‌ನ 55 ಮೀಟರ್ ಮತ್ತು 38 ಮೀಟರ್ ಎತ್ತರದ ಬುದ್ಧರನ್ನು 2001ರ ಮಾರ್ಚ್‌ನಲ್ಲಿ ಸ್ಫೋಟಿಸಿದ್ದು ನಿಮಗೆ ಗೊತ್ತು. ಅವರ ಮುಂಗೈಗಳು ಅದಕ್ಕಿಂತ ಬಹಳ ಹಿಂದೆಯೇ ಬಿದ್ದುಹೋಗಿದ್ದವು. ಇಂಥ ಮೂರ್ತಿಗಳ ಮುಂದೆ ನಿಂತಾಗ ಕೈ ಇಲ್ಲ ಎಂದು ಬಿಡಬೇಡಿ. ಮೊಣಕೈ ಎಷ್ಟು ಬಾಗಿದೆ ನೋಡಿ. ಎದೆಯ ಮೇಲೆ ಕಲ್ಲು ಮುರಿದ ಗುರುತು ಇದ್ದರೆ ಕೈ ಅಲ್ಲಿ ತಾಗಿತ್ತು, ಧರ್ಮಚಕ್ರ ಇದ್ದಿರಬಹುದು. ಮಂಡಿಯ ಮೇಲೆ ಗುರುತಿದ್ದರೆ ಕೈ ಕೆಳಗಿತ್ತು. ಮೂರ್ತಿ ಮುರಿದರೂ ಕೈ ಹೋದ ದಾರಿ ಉಳಿದಿರುತ್ತದೆ.

ಸಭೆಯಿಂದ ಕೆಲವು ಪ್ರಶ್ನೆ ಬಂದಿವೆ. ಬುದ್ಧ ಕೈಮುಗಿದಿರುವ ಮೂರ್ತಿ ಇದೆಯೇ ಎಂದು ಒಬ್ಬರು ಕೇಳಿದ್ದಾರೆ. ಬುದ್ಧ ಯಾರಿಗೂ ಕೈಮುಗಿಯುವುದಿಲ್ಲ. ಕೈಮುಗಿದವರು ಭಕ್ತರು, ದೇವತೆಗಳು, ಬೋಧಿಸತ್ವರು. ನಾಲ್ಕು ಕೈಯ ಷಡಕ್ಷರಿ ಲೋಕೇಶ್ವರ ಎಂಬ ಬೋಧಿಸತ್ವನಲ್ಲಿ ಮುಂದಿನ ಎರಡು ಕೈ ಅಂಜಲಿಯಲ್ಲಿ ಇರುತ್ತವೆ, ಹಿಂದಿನ ಕೈಗಳಲ್ಲಿ ಜಪಮಾಲೆ, ತಾವರೆ. 'ಓಂ ಮಣಿ ಪದ್ಮೇ ಹೂಂ' ಎಂಬ ಆರು ಅಕ್ಷರದ ಮಂತ್ರ ಅವನದೇ.

ಮುದ್ರೆ ಹಿಡಿದು ಕೂತರೆ ಬಿಪಿ, ಶುಗರ್ ಇಳಿಯುತ್ತದೆಯೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಅದನ್ನು ಡಾಕ್ಟರನ್ನೇ ಕೇಳಿ. ನಾನು ಇವತ್ತು ಹೇಳಿದ ಶಿಲ್ಪಗಳನ್ನು ಔಷಧಿ ಚೀಟಿಯ ಥರ ಕೆತ್ತಿದ್ದಲ್ಲ. ಆದರೆ ಮುದ್ರೆ ಕಲ್ಲಿನಲ್ಲಿ ಮಾತ್ರ ಇದೆ ಎಂದೂ ತಿಳಿಯಬೇಡಿ. ಬೈಲಕುಪ್ಪೆಗೆ ಹೋದಾಗ ಪೂಜೆಯ ಹೊತ್ತಿಗೆ ಸ್ವಲ್ಪ ಕೂತುಕೊಳ್ಳಿ. ಲಾಮಾಗಳು ಬಲಗೈಯಲ್ಲಿ ವಜ್ರ ಎಂಬ ಪುಟ್ಟ ಲೋಹದ ಉಪಕರಣ, ಎಡಗೈಯಲ್ಲಿ ಗಂಟೆ ಹಿಡಿದು, ಮಂತ್ರದ ಜೊತೆ ಬೆರಳುಗಳನ್ನು ತಿರುಗಿಸುತ್ತಾರೆ. ಒಂದು ಸಾಲು ಮಂತ್ರಕ್ಕೆ ಒಂದು ಮುದ್ರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಬದಲಾಗುತ್ತದೆ.

ಅಲ್ಲಿಯ ನಾಮ್‌ಡ್ರೋಲಿಂಗ್‌ನ ಚಿನ್ನದ ದೇವಾಲಯದಲ್ಲಿ ಮೂರು ದೊಡ್ಡ ಮೂರ್ತಿಗಳಿವೆಯಲ್ಲ, ಎಲ್ಲರೂ "ಮೂರು ಬುದ್ಧ" ಎಂದೇ ಹೇಳುತ್ತಾರೆ. ಕೈ ನೋಡಿ. ನಡುವಿನ 60 ಅಡಿಯ ಮೂರ್ತಿಯ ಬಲಗೈ ನೆಲದ ಕಡೆಗೆ, ಎಡಗೈಯಲ್ಲಿ ಭಿಕ್ಷಾಪಾತ್ರೆ. ಅವನು ಶಾಕ್ಯಮುನಿ, ಬೋಧಗಯೆಯ ಗಳಿಗೆ. ಒಂದು ಬದಿಯ ಮೂರ್ತಿಯ ಎರಡೂ ಕೈ ಮಡಿಲಲ್ಲಿ, ಅದರಲ್ಲಿ ಒಂದು ಕಲಶ. ಅವನು ಅಮಿತಾಯುಸ್, ಕಲಶದಲ್ಲಿ ಇರುವುದು ದೀರ್ಘಾಯುಸ್ಸಿನ ಅಮೃತ. ಇನ್ನೊಂದು ಬದಿಯವನ ಬಲಗೈಯಲ್ಲಿ ವಜ್ರ ಇದೆ, ಎಡಗೈಯಲ್ಲಿ ಕಪಾಲದ ಪಾತ್ರೆ ಇದೆ. ಅವನು ಪದ್ಮಸಂಭವ, ಟಿಬೆಟ್ಟಿಗೆ ವಜ್ರಯಾನ ಒಯ್ದ ಗುರು.

ಕೊನೆಯ ಪ್ರಶ್ನೆ, ಮನೆಯಲ್ಲಿ ಯಾವ ಮುದ್ರೆಯ ಬುದ್ಧ ಇಡಬೇಕು ಅನ್ನುವುದು. ಈ ಕಲೆಯಲ್ಲಿ ಅಂಥ ನಿಯಮ ಇಲ್ಲ, ನಿಮಗೆ ಇಷ್ಟವಾದದ್ದು ಇಡಿ. ಆದರೆ ಅಂಗಡಿಯಲ್ಲಿ 'ಧ್ಯಾನ ಬುದ್ಧ' ಎಂದು ಚೀಟಿ ಅಂಟಿಸಿದ್ದರೆ ಬಲಗೈ ಎಲ್ಲಿದೆ ಎಂದು ಒಮ್ಮೆ ನೋಡಿ. ಮಂಡಿಯಿಂದ ಕೆಳಗೆ ಇಳಿದಿದ್ದರೆ ಅದು ಭೂಮಿಸ್ಪರ್ಶ. ಅಂಗಡಿಯವರಿಗೂ ಹೇಳಿ, ಮಾರನ ಕಥೆಯ ಸಮೇತ.